ಪೊರೆ ತೆಗೆಸಿದ್ಮೇಲೆ ಬೆಟ್ಟ ಕಾಣ್ತು, ರಾಡ್ ತುದಿ ಕಾಣ್ಲಿಲ್ಲ

ಮೊನ್ನೆ ಗುರುವಾರ ಎಡಗಣ್ಣಿನ ಕೊನೇ ಡ್ರಾಪ್ಸ್ ಬಾಟ್ಲಿ ಕಸದ ಬುಟ್ಟಿಗೆ ಹಾಕಿದೆ. ಎರಡೂ ಕಣ್ಣು ಸೇರಿ ಒಂಬತ್ತು ತಿಂಗಳ ಕಥೆ ಇದು. ನನಗೆ 53 ವಯಸ್ಸು, ತುಮಕೂರಲ್ಲಿ ಅಂತರಸನಹಳ್ಳಿ ಕಡೆ ಒಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ಇಟ್ಕೊಂಡಿದೀನಿ, ಗೇಟು, ಗ್ರಿಲ್ಲು, ಶೀಟ್ ಛಾವಣಿ, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ ಇಂಥವು. 29 ವರ್ಷದಿಂದ ವೆಲ್ಡಿಂಗ್ ರಾಡ್ ಸಿಕ್ಕಿಸೋ ಹೋಲ್ಡರ್ ಹಿಡಿದ ಕೈ ಇದು. ಕಣ್ಣಿನ ಪೊರೆ ಆಪರೇಶನ್ ಅಂದ್ರೆ ಈಗ ಏನಿಲ್ಲ ಬಿಡಿ, ಬೆಳಗ್ಗೆ ಹೋಗಿ ಮಧ್ಯಾಹ್ನ ಬರೋದು ಅಂತ ಎಲ್ಲರೂ ಹೇಳ್ತಾರೆ, ಅದು ನಿಜಾನೇ, ಆದ್ರೆ ವೆಲ್ಡಿಂಗ್ ಮಾಡೋನಿಗೆ ಆಮೇಲೆ ಏನಾಗುತ್ತೆ ಅಂತ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೀನಿ.

ಹೋದ ದೀಪಾವಳಿ ಹೊತ್ತಿಗೆ ಶುರುವಾಗಿದ್ದು. ರಾತ್ರಿ ಕ್ಯಾತ್ಸಂದ್ರ ಕಡೆಯಿಂದ ಬೈಕಲ್ಲಿ ಬರ್ತಾ ಎದುರು ಬರೋ ಲಾರಿ ಲೈಟಿಗೆ ಮುಳ್ಳು ಮುಳ್ಳು ಬಂದಂಗೆ ಕಾಣೋದು, ರೋಡೇ ಮಾಯ. ಲೈಟು ಜಾಸ್ತಿ ಹಾಕ್ಕೊಂಡು ಬರ್ತಾರೆ ಈ ಲಾರಿಯವರು ಅಂತ ಬೈಕೊಂಡು ಬರ್ತಿದ್ದೆ. ಆದ್ರೆ ಅದೇ ಟೈಮಲ್ಲಿ ಇನ್ನೊಂದು ಚಮತ್ಕಾರ ಆಗಿತ್ತು, ನನ್ನ ಓದೋ ಕನ್ನಡಕ ಬೇಡವಾಗಿಬಿಡ್ತು! 45ಕ್ಕೆ ಬಂದಿದ್ದ ಕನ್ನಡಕ, ಅದಿಲ್ಲದೆ ಟೇಪಿನ ಮಿಲಿಮೀಟರ್ ಗೆರೆ ಓದ್ತೀನಿ, ರಾಡ್ ತುದಿ ಕಾಣುತ್ತೆ. ಹೆಂಡ್ತಿ ಹತ್ರ ಜಂಬ ಕೊಚ್ಕೊಂಡೆ, ನೋಡು ಕ್ಯಾರೆಟ್ ತಿಂದಿದ್ದು ಸಾರ್ಥಕ ಆಯ್ತು ಅಂತ. ಆಮೇಲೆ ಡಾಕ್ಟ್ರು ಹೇಳಿದ್ರು, ಪೊರೆ ಕಣ್ಣಿನ ನಡುಭಾಗದಲ್ಲಿ ಗಟ್ಟಿ ಆಗ್ತಾ ಹೋದ್ರೆ ಒಳಗಿನ ಲೆನ್ಸಿನ ಪವರ್ರೇ ಏರುತ್ತೆ, ದೂರದ್ದು ಮಸುಕಾಗುತ್ತೆ, ಹತ್ತಿರದ್ದು ಸ್ವಲ್ಪ ಕಾಲ ಚೆನ್ನಾಗಿ ಕಾಣುತ್ತೆ ಅಂತ. ಅಂದ್ರೆ ಪೊರೆನೇ ನನಗೆ ಪುಕ್ಕಟೆ ಕನ್ನಡಕ ಆಗಿತ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಎಲ್ಲಾ ತಾಪತ್ರಯಕ್ಕೂ ಇದೇ ಮೂಲ.

ಡಿಸೆಂಬರ್ ಹೊತ್ತಿಗೆ ಶೆಡ್ಡಲ್ಲಿ ಕೆಲಸಕ್ಕಿರೋ ನಮ್ಮ ಹುಡುಗ ಗ್ರೈಂಡಿಂಗ್ ಮಾಡ್ತಾ ಮಾಡ್ತಾ ಮೆಲ್ಲಗೆ ಅಂದ, ಅಣ್ಣ ಬೀಡು ಜಾಯಿಂಟ್ ಬಿಟ್ಟು ಪಕ್ಕಕ್ಕೆ ಹೋಗ್ತಿದೆ ಅಂತ. ಬೀಡು ಅಂದ್ರೆ ರಾಡ್ ಕರಗಿ ಕೂರೋ ವೆಲ್ಡಿಂಗ್ ಗೆರೆ. ಅವನಿಗೆ ಬೈದೆ. ರಾತ್ರಿ ನಿದ್ದೆ ಬರ್ಲಿಲ್ಲ. ಅವನು ಹೇಳಿದ್ದು ಸರಿ ಅಂತ ನನಗೂ ಗೊತ್ತಿತ್ತು.

ಜನವರಿಯಲ್ಲಿ ಊರಿನ ಒಂದು ಕಣ್ಣಾಸ್ಪತ್ರೆಗೆ ಹೋದೆ. ಗಲ್ಲ ಇಟ್ಟು ನೋಡೋ ಆ ಮೆಷಿನ್ನಲ್ಲಿ ನೋಡ್ತಾ ಡಾಕ್ಟ್ರು ಕೇಳಿದ ಮೊದಲ ಮಾತು, ನೀವು ಗ್ರೈಂಡಿಂಗ್ ಕೆಲಸದವರಾ? ಬಲಗಣ್ಣಿನ ಕರಿಗುಡ್ಡೆ ಮೇಲೆ ಎರಡು ಹಳೇ ಕಲೆ ಇದೆಯಂತೆ, ಯಾವತ್ತೋ ಕಬ್ಬಿಣದ ಚೂರು ಕೂತಿದ್ದ ಜಾಗ. ಒಂದು ನೆನಪಿದೆ, 2009ರಲ್ಲಿ ಸೂಜಿಯಲ್ಲಿ ತೆಗೆಸಿದ್ದೆ, ಇನ್ನೊಂದು ಯಾವಾಗಿನದೋ ದೇವರಿಗೇ ಗೊತ್ತು. ವೆಲ್ಡಿಂಗ್ ಇಂದಾನೇ ಪೊರೆ ಬಂತಾ ಅಂತ ಕೇಳಿದೆ. ವಯಸ್ಸು, ಶುಗರ್ ಇವೆರಡೇ ದೊಡ್ಡ ಕಾರಣ, ವರ್ಷಾನುಗಟ್ಲೆ ಬರಿಗಣ್ಣಿಗೆ ಅಲ್ಟ್ರಾವಯಲೆಟ್ ಬಿದ್ದಿದ್ರೆ ಅದೂ ಸೇರುತ್ತೆ, ಇಷ್ಟೇ ಪಾಲು ಅಂತ ಬಿಡಿಸಿ ಹೇಳಕ್ಕಾಗಲ್ಲ ಅಂದ್ರು. ನಾನು ಸುಮ್ನಾದೆ. ಗ್ಲಾಸಿಲ್ಲದೆ ಕಣ್ಣು ಮುಚ್ಕೊಂಡು ಟ್ಯಾಕ್ (ಹಿಡಿದು ನಿಲ್ಲಿಸೋಕೆ ಒಂದು ಚುಕ್ಕೆ ವೆಲ್ಡಿಂಗ್) ಹೊಡೆಯೋದು, ಕಪ್ಪು ಕೂಲಿಂಗ್ ಗ್ಲಾಸಲ್ಲೇ ದಿನಗಟ್ಲೆ ಕೆಲಸ ಮಾಡೋದು, ರಾತ್ರಿ ಕಣ್ಣಿಗೆ ಮರಳು ತುಂಬಿದಂಗೆ ಉರಿ ಬಂದ್ರೆ ಆಲೂಗಡ್ಡೆ ಹೆಚ್ಚಿ ಇಟ್ಕೊಂಡು ಮಲಗೋದು, ಇದೆಲ್ಲಾ ಮಾಡಿದೋನೇ ನಾನು. ಈ ಕೆಲಸದಲ್ಲಿ ಯಾರು ಮಾಡಿಲ್ಲ ಹೇಳಿ.

ಪೊರೆ ಅಂದ ತಕ್ಷಣ ನನಗೆ ನೆನಪಾಗಿದ್ದು ನಮ್ಮಜ್ಜಿ. ಊರೂರಲ್ಲಿ ಕಣ್ಣಿನ ಕ್ಯಾಂಪ್ ಮಾಡ್ತಿದ್ದ ಡಾ. ಎಂ.ಸಿ. ಮೋದಿಯವರ ಕ್ಯಾಂಪಲ್ಲಿ ಸ್ಕೂಲ್ ಕೊಠಡಿಯಲ್ಲಿ ಸಾಲಾಗಿ ಮಲಗಿಸಿ ಮಾಡಿದ್ರಂತೆ ಅವಳಿಗೆ, ಆಮೇಲೆ ಸಾಯೋ ತನಕ ಸೋಡಾಬಾಟ್ಲಿ ತಳದಂಥ ಕನ್ನಡಕ. ಆಗ ಒಳಗೆ ಲೆನ್ಸ್ ಇಡ್ತಿರ್ಲಿಲ್ಲ, ಅದಕ್ಕೇ ಅಷ್ಟು ದಪ್ಪ. ಈಗ ಎರಡೂವರೆ ಮಿಲಿಮೀಟರ್ ಆಸುಪಾಸಿನ ಸಣ್ಣ ಸೀಳು ಬಿಟ್ಟು, ಹಳೇ ಲೆನ್ಸನ್ನ ಒಳಗೇ ಪುಡಿ ಮಾಡಿ ಹೀರಿ, ಮಡಚಿದ ಹೊಸ ಲೆನ್ಸ್ ಒಳಗೆ ತೂರಿಸ್ತಾರೆ. 12 ನಂಬರ್ ರಾಡಿನ ದಪ್ಪ ಇರುತ್ತಲ್ಲ, ಅಷ್ಟೇ ಅಗಲದ ಬಾಗಿಲು.

ದುಡ್ಡಿನ ವಿಷಯಕ್ಕೆ ಬರ್ತೀನಿ. ನಾನು 14 ತಿಂಗಳ ಹಿಂದೆ ಹೆಲ್ತ್ ಇನ್ಶೂರೆನ್ಸ್ ಮಾಡ್ಸಿದ್ದೆ, ಕಾರ್ಡು ಜೇಬಲ್ಲಿತ್ತು, ಧೈರ್ಯವಾಗಿ ಕೊಟ್ಟೆ. ಎರಡು ದಿನ ಬಿಟ್ಟು ಆಸ್ಪತ್ರೆಯವರು ಫೋನ್ ಮಾಡಿ ರಿಜೆಕ್ಟ್ ಆಗಿದೆ ಅಂದ್ರು. ಕಣ್ಣಿನ ಪೊರೆಗೆ 24 ತಿಂಗಳ ವೇಯ್ಟಿಂಗ್ ಪೀರಿಯಡ್ ಅಂತೆ. ಪಾಲಿಸಿ ಪೇಪರ್ ತೆಗೆದು ನೋಡಿದ್ರೆ ಹರ್ನಿಯಾ, ಮೂಲವ್ಯಾಧಿ ಅಂತೆಲ್ಲಾ ಒಂದು ಪಟ್ಟಿ ಇದೆ, ಅದರಲ್ಲಿ ಇದೂ ಇದೆ, ಏಜೆಂಟು ಮಾತ್ರ ಹೇಳಿರ್ಲಿಲ್ಲ, ನಾನೂ ಓದಿರ್ಲಿಲ್ಲ. ಓದೋಕೆ ಕಣ್ಣಿದ್ದಾಗ ಓದ್ಬೇಕಿತ್ತು. ಎರಡು ವರ್ಷ ಆದ್ಮೇಲೂ ಪೂರ್ತಿ ಕೊಡ್ತಾರೆ ಅಂತ ಅಂದ್ಕೋಬೇಡಿ, ಆರೋಗ್ಯ ಸಂಜೀವಿನಿ ಅಂತ ಎಲ್ಲಾ ಕಂಪನಿಯವರೂ ಕೊಡೋ ಸ್ಟ್ಯಾಂಡರ್ಡ್ ಪಾಲಿಸಿ ಇದೆಯಲ್ಲ, ಅದರಲ್ಲಿ ಒಂದು ಕಣ್ಣಿಗೆ ಇನ್ಶೂರೆನ್ಸ್ ಮೊತ್ತದ ಕಾಲು ಭಾಗ ಇಲ್ಲಾ 40,000, ಯಾವುದು ಕಮ್ಮಿಯೋ ಅಷ್ಟು ಅಂತ ಮಿತಿ ಇಟ್ಟಿದ್ದು ನೋಡಿದೀನಿ, ಬೇರೆದಕ್ಕೆ ಬೇರೆ ಇರಬಹುದು. ಫ್ಯಾಕ್ಟರಿಯಲ್ಲಿ ಇರೋರಿಗೆ ಇಎಸ್ಐ, ಅಂದ್ರೆ ನೌಕರರ ಸರ್ಕಾರಿ ವಿಮೆ ಇದ್ರೆ ಅದನ್ನ ಮೊದಲು ವಿಚಾರಿಸಿ, ರಜೆ ದಿನಕ್ಕೂ ಕೂಲಿಯ 70 ಪರ್ಸೆಂಟ್ ಸಿಗುತ್ತೆ. ನನ್ನಂಥ ಸ್ವಂತ ಶೆಡ್ಡಿನವನಿಗೆ ಅದೂ ಇಲ್ಲ.

ಆಮೇಲೆ ಕೌನ್ಸೆಲಿಂಗ್ ರೂಮು. ಅಲ್ಲಿ ಒಬ್ಬ ಹುಡುಗಿ ರೇಟ್ ಕಾರ್ಡು ಮುಂದಿಟ್ಟಳು, ಸೀರೆ ಅಂಗಡಿಯಲ್ಲಿ ತೋರಿಸಿದಂಗೆ. ನಮ್ಮ ದೇಶದ ಮಡಚೋ ಲೆನ್ಸು 28,000, ಫಾರಿನ್‌ದು 38,000, ಮಲ್ಟಿಫೋಕಲ್ 80,000ದ ಹತ್ರ, ಇದು ಹಾಕಿಸ್ಕೊಂಡ್ರೆ ಕನ್ನಡಕವೇ ಬೇಡ ಸಾರ್ ಅಂದಳು. ಮನಸ್ಸು ಅಲ್ಲಾಡ್ತು, ಸುಳ್ಳು ಹೇಳಲ್ಲ. ಡಾಕ್ಟ್ರನ್ನೇ ಕೇಳಿದೆ, ಅವರು ನೇರವಾಗಿ ಹೇಳಿದ್ರು, ಮಲ್ಟಿಫೋಕಲ್ ಬರೋ ಬೆಳಕನ್ನ ದೂರಕ್ಕೂ ಹತ್ತಿರಕ್ಕೂ ಹಂಚುತ್ತೆ, ದೀಪದ ಸುತ್ತ ಬಳೆ ಬಳೆ ಕಾಣಬಹುದು, ಮಬ್ಬಲ್ಲಿ ಕರಿದು ಬಿಳಿದು ಬೇರೆ ಮಾಡೋ ಶಕ್ತಿ ಸ್ವಲ್ಪ ಕಮ್ಮಿ ಆಗುತ್ತೆ, ನೀವು ಇಡೀ ದಿನ ಕಪ್ಪು ಗಾಜಿನ ಹಿಂದೆ ಇರೋರು, ನಿಮಗೆ ನಾನು ಹೇಳಲ್ಲ ಅಂತ. ಆ ಒಂದು ಮಾತಿಗೆ ಅವರ ಮೇಲೆ ನಂಬಿಕೆ ಬಂತು.

ಲೆನ್ಸ್ ಅಳತೆ ತಗೊಳ್ಳೋ ದಿನ ಟೆಕ್ನಿಶಿಯನ್ ಕಣ್ಣಿನ ಉದ್ದ ಎಲ್ಲಾ ಅಳೆದು ಕೊನೇಲಿ ಕೇಳಿದ, ದೂರ ಕಾಣೋ ಹಾಗೆ ಇಡೋದಾ ಹತ್ತಿರ ಕಾಣೋ ಹಾಗೆ ಇಡೋದಾ? ನಾನು ಎರಡು ಸೆಕೆಂಡ್ ಕೂಡ ಯೋಚನೆ ಮಾಡದೆ ದೂರ ಅಂದೆ, ರಾತ್ರಿ ಬೈಕಿನ ಭಯ ತಲೇಲಿತ್ತಲ್ಲ. ಅವನು ಬರ್ಕೊಂಡ. ಅಷ್ಟೇ. ನನ್ನ ಕೆಲಸ ಎಷ್ಟು ದೂರದಲ್ಲಿ ಅಂತ ಅವನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆಪರೇಶನ್ನಿಗಿಂತ ದೊಡ್ಡ ಘಟನೆ ಅದೇ ಅಂತ ಆಗ ಗೊತ್ತಾಗಿದ್ರೆ!

ಡೇಟ್ ಕೊಟ್ಟ ದಿನ ಹೋದ್ರೆ ಶುಗರ್ 264. ವಾಪಸ್ ಕಳಿಸಿದ್ರು. ಎರಡು ವಾರ ಮುದ್ದೆ ಸೊಪ್ಪು, ಬೆಳಗ್ಗೆ ವಾಕಿಂಗು, ಮಾತ್ರೆ ಜಾಸ್ತಿ, ಆಮೇಲೆ ಒಪ್ಪಿದ್ರು. ಮಾರ್ಚಲ್ಲಿ ಬಲಗಣ್ಣು ಆಯ್ತು.

ಆಪರೇಶನ್ ಬಗ್ಗೆ ಹೇಳೋದು ಕಮ್ಮಿ, ಸೂಜಿ ಇಲ್ಲ, ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸಿದ್ರು, 15 ನಿಮಿಷ. ನೋವಿಲ್ಲ. ಆದ್ರೆ ಮೇಲಿಂದ ಆ ಲೈಟು ನೇರ ಕಣ್ಣಿಗೆ ಬಿದ್ದಾಗ 29 ವರ್ಷದ ಅಭ್ಯಾಸ, ಆರ್ಕ್ (ರಾಡ್ ತುದಿಯಲ್ಲಿ ಹತ್ತೋ ಕಣ್ಣು ಕುಕ್ಕೋ ವೆಲ್ಡಿಂಗ್ ಬೆಳಕು) ಹತ್ತಿದೆ ಅಂತ ದೇಹ ತಾನೇ ರೆಪ್ಪೆ ಮುಚ್ಚೋಕೆ ನೋಡುತ್ತೆ, ಅಲ್ಲಿ ಕ್ಲಿಪ್ ಹಾಕಿ ತೆರೆದಿಟ್ಟಿರ್ತಾರೆ, ಮುಚ್ಚಕ್ಕಾಗಲ್ಲ. ಗ್ಲಾಸ್ ಇಲ್ಲದೆ ಆರ್ಕ್ ನೋಡ್ತಿದೀನಿ ಅನ್ನೋ ಭಯಕ್ಕೆ ಕೈ ಬೆವೆತು ಹೋಯ್ತು. ಡಿಸ್ಚಾರ್ಜಲ್ಲಿ ಒಂದು ಚಿಕ್ಕ ಕಾರ್ಡು ಕೊಡ್ತಾರೆ, ಲೆನ್ಸಿನ ಪವರ್ ನಂಬರ್ ಇರೋ ಸ್ಟಿಕ್ಕರ್ ಅಂಟಿಸಿರ್ತಾರೆ, ಅದನ್ನ ಆರ್‌ಸಿ ಬುಕ್ ಇಟ್ಟಂಗೆ ಇಟ್ಕೊಳ್ಳಿ.

ಮಾರನೇ ದಿನ ಪಟ್ಟಿ ಬಿಚ್ಚಿದಾಗ ನಾನು ಅತ್ತೆ, ನಾಚಿಕೆ ಏನಿಲ್ಲ. ಆಸ್ಪತ್ರೆ ಮಹಡಿ ಕಿಟಕಿಯಿಂದ ದೂರದ ಬೆಟ್ಟದ ಅಂಚು ಕತ್ತರಿಸಿ ಇಟ್ಟಂಗೆ ಕಾಣ್ತು. ಮನೆಗೆ ಬಂದು ಒಂದು ಆಟ ಶುರುವಾಯ್ತು, ಬಿಳಿ ಗೋಡೆ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚೋದು. ಬಲಗಣ್ಣಲ್ಲಿ ಗೋಡೆ ಸುಣ್ಣದ ಬಿಳಿ, ಅದಕ್ಕೂ ಸ್ವಲ್ಪ ನೀಲಿ ಹಾಕಿದಂಗೆ, ಎಡಗಣ್ಣಲ್ಲಿ ಅದೇ ಗೋಡೆ ಟೀ ಸೋಸೋ ಬಟ್ಟೆ ಬಣ್ಣ. ಇಷ್ಟು ವರ್ಷ ಆ ಬಟ್ಟೆ ಹಿಂದಿನಿಂದ ಪ್ರಪಂಚ ನೋಡ್ತಿದ್ದೆ. ಹೆಂಡ್ತಿಗೆ ನಾನೇ ಆರಿಸಿ ತಂದಿದ್ದ ಬೂದು ಸೀರೆ ಅಸಲಿಗೆ ನೀಲಿ ಅಂತ ಅವತ್ತು ಗೊತ್ತಾಯ್ತು, ಅವಳು ಎರಡು ವರ್ಷದಿಂದ ಸುಮ್ನೆ ಇದ್ದಳು.

ಸ್ಟೀರಾಯ್ಡ್ ಡ್ರಾಪ್ಸು ದಿನಕ್ಕೆ ಆರು ಸಲ, ವಾರಕ್ಕೊಂದು ಸಲ ಕಮ್ಮಿ ಮಾಡ್ತಾ ಆರು ವಾರ, ಅದನ್ನ ಮಧ್ಯದಲ್ಲಿ ಬಿಡಬಾರದು. ತಲೆಗೆ ನೀರಿಲ್ಲ, ಯುಗಾದಿ ಎಣ್ಣೆನೀರೂ ತಪ್ಪಿತು. ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಕೊಂಡು ಮಲಗೋದು, ಭಾರ ಎತ್ತಬಾರದು, ಹೊಗೆ ಧೂಳಿನ ಹತ್ರ ಸುಳಿಯಬಾರದು. ಶೆಡ್ ಅಂದ್ರೇ ಹೊಗೆ ಧೂಳು ಭಾರ, ಮೂರೂ. ಒಂದು ತಿಂಗಳು ಹುಡುಗನ ಕೈಯಲ್ಲಿ ಬಿಟ್ಟೆ, ಒಂದು ಕಲ್ಯಾಣ ಮಂಟಪದ ರೇಲಿಂಗ್ ಆರ್ಡರ್ ಕೈ ತಪ್ಪಿತು, ಕಮ್ಮಿ ಅಂದ್ರೂ 40,000 ಲಾಭದ್ದು. ನೋಡೋಕೆ ಬಂದವರೆಲ್ಲಾ ಒಂದೊಂದು ಹೇಳೋರು. ಒಳಗಿನ ಲೆನ್ಸು ಪ್ಲಾಸ್ಟಿಕ್ಕು, ಆರ್ಕ್ ಬಿಸಿಗೆ ಕರಗುತ್ತೆ ಅಂತ ಪಕ್ಕದ ಲೇತ್‌ನವನು ಹೇಳಿದ್ದು ಮಾತ್ರ ತಲೇಲಿ ಕೂತ್ಕೊಂಡ್ತು. ಚೆಕಪ್ಪಲ್ಲಿ ಕೇಳಿದ್ರೆ ಡಾಕ್ಟ್ರು ನಕ್ಕರು, ಲೆನ್ಸ್ ಕರಗೋ ಬಿಸಿ ಬಂದ್ರೆ ಅದಕ್ಕೆ ಮೊದಲು ನೀವೇ ಇರಲ್ಲ ಕಣ್ರೀ ಅಂತ.

ಐದು ವಾರಕ್ಕೆ ಕೆಲಸಕ್ಕೆ ಪರ್ಮಿಷನ್ ಸಿಕ್ತು. ಓದೋಕೆ ಬೈಫೋಕಲ್ ಬರೆದುಕೊಟ್ಟಿದ್ರು. ಬೆಳಗ್ಗೆ ಪೂಜೆ ಮಾಡಿ, 40×40 ಸ್ಕ್ವೇರ್ ಪೈಪು, 16 ಗೇಜು, ಸಾದಾ ಗೇಟಿನ ಮೂಲೆ, 12 ನಂಬರ್ ರಾಡು, ಕಣ್ಣು ಕಟ್ಟಿದ್ರೂ ಮಾಡೋ ಕೆಲಸ ಅದು. ರಾಡ್ ಗೀಚಿದೆ, ಜಾಯಿಂಟಿಂದ ಅರ್ಧ ಇಂಚು ಆಚೆ ಹತ್ತಿತು. ಎರಡನೇ ಸಲ ಅಂಟಿಕೊಂಡ್ತು. ಮೂರನೇ ಸಲ ಆರ್ಕ್ ನಿಂತ್ಕೊಂಡ್ತು, ಆದ್ರೆ ಕರಗಿದ ಲೋಹ ಯಾವುದು, ಅದರ ಮೇಲೆ ಕಟ್ಟೋ ಸ್ಲ್ಯಾಗ್ ಅನ್ನೋ ಕಿಟ್ಟ ಯಾವುದು ಅನ್ನೋದೇ ತಿಳೀಲಿಲ್ಲ, ಎಲ್ಲಾ ಸೇರಿ ಒಂದು ಬಿಳಿ ಉಂಡೆ, ಆ ಉಂಡೆ ನೋಡ್ತಾ ನೋಡ್ತಾ ಪೈಪು ತೂತಾಯ್ತು, ಹೆಬ್ಬೆರಳು ಹೋಗೋಷ್ಟು. ಹುಡುಗ ಏನೂ ಮಾತಾಡದೆ ಹೋಲ್ಡರ್ ಈಸ್ಕೊಂಡ. ಆ ಮೌನ ಇದೆಯಲ್ಲ, ಅದಕ್ಕಿಂತ ಬೈದಿದ್ರೆ ಚೆನ್ನಾಗಿತ್ತು. ಮಧ್ಯಾಹ್ನ ಊಟ ಸೇರ್ಲಿಲ್ಲ. ಇನ್ನು ನನ್ನ ಕೆಲಸ ಮುಗೀತು, ಹುಡುಗನಿಗೆ ಶೆಡ್ ಬಿಟ್ಕೊಟ್ಟು ಎಲ್ಲಾದ್ರೂ ವಾಚ್‌ಮನ್ ಕೆಲಸ ನೋಡ್ಕೋಬೇಕು ಅಂತ ಲೆಕ್ಕ ಹಾಕ್ತಾ ಕೂತಿದ್ದೆ.

ಏನಾಗಿತ್ತು ಅಂದ್ರೆ, ಹೊಸ ಲೆನ್ಸು ಒಂದೇ ದೂರಕ್ಕೆ ಕೂತಿರುತ್ತೆ, ಫೋಕಸ್ ತಾನೇ ಬದಲಾಯಿಸಲ್ಲ. ಪುಕ್ಕಟೆ ಕನ್ನಡಕ ಆಗಿದ್ದ ಪೊರೆ ಹೋಯ್ತು. ಬೈಫೋಕಲ್ಲಿನ ಹತ್ತಿರದ ಭಾಗ ಕೆಳಗಡೆ ಇರುತ್ತೆ, ವೆಲ್ಡಿಂಗ್ ಹೆಲ್ಮೆಟ್ಟಿನ ಕಪ್ಪು ಗಾಜಿನ ಕಿಟಕಿ ಇರೋದು ಮೇಲೆ, ಕಿಟಕಿಯಿಂದ ನೋಡೋವಾಗ ನಾನು ನೋಡ್ತಿದ್ದಿದ್ದು ದೂರದ ಭಾಗದಿಂದ. ಎಡಗಣ್ಣಲ್ಲಿ ಇನ್ನೂ ಪೊರೆ, ಎರಡು ಕಣ್ಣಿಗೂ ಹೊಂದಾಣಿಕೆ ಇಲ್ಲ, ಆಳದ ಅಂದಾಜು ಸಿಗಲ್ಲ, ಅದಕ್ಕೇ ರಾಡ್ ಆಚೆ ಹತ್ತಿದ್ದು.

ಅವತ್ತು ಸಂಜೆ ಶೆಡ್ಡಲ್ಲಿ ಒಬ್ಬನೇ ಇದ್ದಾಗ ಹೆಲ್ಮೆಟ್ ಹಾಕ್ಕೊಂಡು ಕೆಲಸದ ಭಂಗಿಯಲ್ಲೇ ಕೂತು, ಹುಬ್ಬಿಂದ ರಾಡ್ ತುದಿ ತನಕ ಟೇಪ್ ಹಿಡಿದೆ. 38 ಸೆಂಟಿಮೀಟರ್. ಪೈಪು ಜೋಡಿಸಿ ಮಟ್ಟ ನೋಡೋವಾಗ 65. ಒಂದು ಚೀಟಿಯಲ್ಲಿ ಬರ್ಕೊಂಡು ಮಾರನೇ ದಿನ ಆಸ್ಪತ್ರೆಗೆ ಹೋಗಿ ಕನ್ನಡಕ ಪರೀಕ್ಷೆ ಮಾಡೋ ಹುಡುಗಿಗೆ ಕೊಟ್ಟೆ. ಅವಳು ಚೀಟಿ ನೋಡಿ, ಅಂಕಲ್ ಎಲ್ಲರೂ ಹಿಂಗೆ ಬರ್ಕೊಂಡು ಬಂದ್ರೆ ಎಷ್ಟು ಚೆನ್ನಾಗಿರುತ್ತೆ ಅಂದಳು. ಲೆಕ್ಕ ಸುಲಭ, ದೂರಕ್ಕೆ ಕೂರಿಸಿದ ಕಣ್ಣಿಗೆ ಪ್ಲಸ್ 2.5 ಕೊಟ್ರೆ 40 ಸೆಂಟಿಮೀಟರ್‌ನಲ್ಲಿ ಸ್ಪಷ್ಟ, ಪ್ಲಸ್ 1.5 ಕೊಟ್ರೆ 65ರ ಹತ್ರ. 100ನ್ನ ಪವರಿಂದ ಭಾಗಿಸಿದ್ರೆ ಸೆಂಟಿಮೀಟರ್ ಬರುತ್ತೆ.

ವೆಲ್ಡಿಂಗಿಗೆ ಪೂರ್ತಿ ಒಂದೇ ಪವರಿನ ಕನ್ನಡಕ ಮಾಡ್ಸಿ, ಬೈಫೋಕಲ್ ಬೇಡ, ಮೇಲಿಂದ ಕೆಳಗೆ ಪವರ್ ಬದಲಾಗ್ತಾ ಹೋಗೋ ಪ್ರೋಗ್ರೆಸಿವ್ ಅಂತೂ ಬೇಡವೇ ಬೇಡ. ನಾನು ಇನ್ನೂ ಒಂದು ದಾರಿ ಹಿಡಿದೆ, ಹೆಲ್ಮೆಟ್ ಕಿಟಕಿಯ ಒಳಗಡೆ ಸಿಕ್ಕಿಸೋ ಭೂತಗನ್ನಡಿ ಥರದ ಪಟ್ಟಿ ಬರುತ್ತೆ, ಚೀಟರ್ ಲೆನ್ಸ್ ಅಂತಾರೆ, 2 ಇಂಚು ಬೈ ನಾಲ್ಕೂಕಾಲು. ಬೆಂಗಳೂರಿಂದ ತರ್ಸಿದೆ, 450 ರೂಪಾಯಿ ಆಯ್ತು. ಸೆಕೆಗೆ ಕನ್ನಡಕ ಮಂಜಾಗೋ ತಲೆನೋವಿಲ್ಲ. ಆದ್ರೆ ಹೆಲ್ಮೆಟ್ ಎತ್ತಿದ ತಕ್ಷಣ ಅದು ನಿಮ್ಮ ಜೊತೆ ಬರಲ್ಲ, ಸ್ಲ್ಯಾಗ್ ಒಡೆಯೋವಾಗ ಬೇರೆ ಕನ್ನಡಕ ಬೇಕೇ ಬೇಕು, ಅದೂ ಬರೀ ಓದೋ ಕನ್ನಡಕ ಅಲ್ಲ, ಸೇಫ್ಟಿ ಗಾಗಲ್. ಆಪರೇಶನ್ ಆದ ಕಣ್ಣಿಗೆ ಬಿಸಿ ಸ್ಲ್ಯಾಗ್ ಸಿಡಿಸ್ಕೊಂಡ್ರೆ ಇಷ್ಟೆಲ್ಲಾ ಮಾಡಿದ್ದು ನೀರಲ್ಲಿ ಹೋಮ.

ಇನ್ನೊಂದು, ಹೆಲ್ಮೆಟ್ಟಿನ ಕಪ್ಪು ಗ್ಲಾಸಿನ ನಂಬರ್, ನಂಬರ್ ಏರಿದಷ್ಟೂ ಕಪ್ಪು ಜಾಸ್ತಿ. ಮೊದಲು 110 ಆಂಪ್ಸಿಗೆ 10 ನಂಬರ್ ಗ್ಲಾಸಲ್ಲಿ ಕಷ್ಟಪಟ್ಟು ನೋಡ್ತಿದ್ದೆ, ಪೊರೆ ಹೋದ ಮೇಲೆ ಅದೇ 10 ಕಣ್ಣು ಕುಕ್ಕುತ್ತೆ, 11ಕ್ಕೆ ಏರಿಸಿದೆ, ಆಗ ಕರಗಿದ ಲೋಹದ ಅಂಚು ಕಾಣ್ತು. ಆರ್ಕ್ ಹತ್ತಿದ ತಕ್ಷಣ ತಾನೇ ಕಪ್ಪಾಗೋ ಆಟೋ ಡಾರ್ಕ್ ಹೆಲ್ಮೆಟ್ ತಗೊಂಡೆ, 2,600, ನಂಬರ್ ತಿರುಗಿಸಿ ಹೊಂದಿಸ್ಕೋಬಹುದು, ಯೂರೋಪಿನ ಗುಣಮಟ್ಟದ ಗುರುತು ಇರೋದು ನೋಡಿ ತಗೊಳ್ಳಿ, ಹಳೇದು ಇಎನ್ 379, ಅದರ ಜಾಗಕ್ಕೆ ಬಂದಿರೋದು ಇಎನ್ ಐಎಸ್ಒ 16321. ಕಣ್ಣಿನ ಮೂಲೇಲಿ ಬಾಗಿದ ನೆರಳು ಒಂದು ಬಂದು ಹೋಗೋದು, ಹೆದರಿದ್ದೆ, ಲೆನ್ಸಿನ ಅಂಚಿಂದ ಹಾಗಾಗುತ್ತೆ ಅಂದ್ರು, ಎರಡು ತಿಂಗಳಿಗೆ ಮರೆತೇ ಹೋಯ್ತು. ಆದ್ರೆ ಮಿಂಚು ಹೊಡೆದಂಗೆ ಆದ್ರೆ, ಪರದೆ ಇಳಿದಂಗೆ ಕತ್ತಲಾದ್ರೆ ಅವತ್ತೇ ಓಡಿ ಬನ್ನಿ ಅಂತಾನೂ ಹೇಳಿದ್ರು. ಹಿಂದುಗಡೆ ಹುಡುಗ ವೆಲ್ಡ್ ಮಾಡ್ತಿದ್ರೆ ಅವನ ಆರ್ಕ್ ನನ್ನ ಹೆಲ್ಮೆಟ್ ಒಳಗಡೆ ಗ್ಲಾಸಿಗೆ ಬಡಿದು ನನ್ನ ಕಣ್ಣಿಗೇ ಬರುತ್ತೆ, ಮೊದಲು ಇದು ಗೊತ್ತೇ ಆಗ್ತಿರ್ಲಿಲ್ಲ, ಈಗ ಮಧ್ಯೆ ಒಂದು ಹಳೇ ಶೀಟ್ ನಿಲ್ಲಿಸಿದೀವಿ, ಹೆಲ್ಮೆಟ್ ಹಿಂದೆ ಚರ್ಮದ ತುಂಡೂ ಕಟ್ಟಿದೀನಿ.

ಜೂನಲ್ಲಿ ಎಡಗಣ್ಣು. ಈ ಸಲ ಚೀಲದಲ್ಲಿ ಎರಡು ಪಟ್ಟಿ ಕಬ್ಬಿಣ, ಒಂದು ರಾಡು ಇಟ್ಕೊಂಡು ಹೋಗಿದ್ದೆ. ಡಾಕ್ಟ್ರು ಒಂದು ಉಪಾಯ ಹೇಳಿದ್ರು, ಈ ಕಣ್ಣನ್ನ ಸ್ವಲ್ಪ ಹತ್ತಿರಕ್ಕೆ ಇಡಬಹುದು, ಒಂದು ಕಣ್ಣು ದೂರಕ್ಕೆ ಒಂದು ಹತ್ತಿರಕ್ಕೆ, ಕೆಲವರಿಗೆ ಹೊಂದುತ್ತೆ ಅಂತ. ಕಣ್ಣು ಪರೀಕ್ಷೆಗೆ ಹಾಕೋ ಆ ಕಬ್ಬಿಣದ ಕನ್ನಡಕದ ಫ್ರೇಮಿಗೆ ಲೆನ್ಸ್ ಹಾಕಿ ತೋರಿಸಿದ್ರು, ಅಲ್ಲೇ ಟೇಬಲ್ ಮೇಲೆ ಪಟ್ಟಿ ಜೋಡಿಸಿ ರಾಡ್ ತುದೀನ ಸಂದಿಗೆ ಇಡೋಕೆ ಹೋದೆ, ಪಕ್ಕದ ಪೇಶೆಂಟುಗಳು ಯಾವನೋ ಹುಚ್ಚ ಅಂತ ನೋಡ್ತಿದ್ರು. ನನಗೆ ಅದು ಹೊಂದಲಿಲ್ಲ, ತುದಿ ಎರಡು ಮೂರು ಮಿಲಿಮೀಟರ್ ಆಚೀಚೆ ತೇಲ್ತಿತ್ತು. ಛಾವಣಿ ಹತ್ತೋ ಕೆಲಸ ಬೇರೆ ಇದೆ. ಇದೂ ದೂರಕ್ಕೇ ಇಡಿ, ಹತ್ತಿರಕ್ಕೆ ಗಾಜು ಇದ್ದೇ ಇದೆಯಲ್ಲ ಅಂದೆ. ಈ ಸಲವೂ ಉತ್ತರ ದೂರಾನೇ, ಆದ್ರೆ ಯೋಚನೆ ಮಾಡಿ ಕೊಟ್ಟಿದ್ದು. ಬೇರೆಯವರಿಗೆ ಬೇರೆ ಸರಿ ಹೋಗಬಹುದು, ನಿಮ್ಮ ರಾಡ್ ನೀವೇ ತಗೊಂಡು ಹೋಗಿ ನೋಡಿ.

ಖರ್ಚು ಕೇಳೋರಿಗೆ, ಎರಡು ಕಣ್ಣಿಗೆ ಆಪರೇಶನ್ 56,000, ಟೆಸ್ಟು 4,200, ಡ್ರಾಪ್ಸು 2,900, ಬೇಡದ ಆ ಬೈಫೋಕಲ್ 2,400, ಕೆಲಸದ ಕನ್ನಡಕ 1,600, ಹೆಲ್ಮೆಟ್ ಮತ್ತೆ ಚೀಟರ್ 3,050. ಕೈ ತಪ್ಪಿದ ಆರ್ಡರ್ ಇದರಲ್ಲಿ ಸೇರಿಲ್ಲ. ಮುಂದೆ ಯಾವಾಗಲಾದ್ರೂ ಹೊಸ ಲೆನ್ಸಿನ ಹಿಂದಿರೋ ತೆಳು ಪದರ ಮಂಜಾಗಬಹುದಂತೆ, ಲೇಸರಲ್ಲಿ ಕೆಲವೇ ನಿಮಿಷದ ಕೆಲಸ, ಬಂದಾಗ ನೋಡೋಣ.

ಈಗ ಬೀಡ್ ಮೊದಲಿನಂಗೆ ಬರ್ತಿದೆ, ಮೀನಿನ ಹುರುಪೆ ಥರ ಒಂದರ ಮೇಲೊಂದು. ಹುಡುಗ ಮುಟ್ಟಿ ನೋಡಿ ತಲೆ ಆಡಿಸಿದ. ಸಮಸ್ಯೆ ಏನಪ್ಪಾ ಅಂದ್ರೆ ಎಲ್ಲಾ ಕಾಣುತ್ತೆ. ಹೋದ ವಾರ ಒಂದು ಬೀದೀಲಿ ನಡ್ಕೊಂಡು ಹೋಗ್ತಾ ಎರಡು ವರ್ಷದ ಹಿಂದೆ ನಾನೇ ಮಾಡಿಕೊಟ್ಟ ಗೇಟು ಕಾಣ್ತು, ಮೇಲಿನ ಹಿಂಜಸ್ಸಿನ ಬೀಡು ಜಾಯಿಂಟ್ ಬಿಟ್ಟು ಪೈಪಿನ ಮೇಲೆ ಕೂತಿದೆ, ಪೇಂಟ್ ಒಳಗಿಂದ ತುಕ್ಕು ಇಳಿದಿದೆ. ಬೆಲ್ ಮಾಡಿದೆ. ಆ ಮನೆಯಮ್ಮ ಬಾಗಿಲು ತೆಗೆದು, ಏನ್ ಸಾರ್, ಬ್ಯಾಲೆನ್ಸ್ ಎಲ್ಲಾ ಆವತ್ತೇ ಕೊಟ್ಟಿದ್ವಲ್ಲ ಅಂದ್ರು. ಇಲ್ಲಮ್ಮ, ಭಾನುವಾರ ಮೆಷಿನ್ ತಗೊಂಡು ಬರ್ತೀನಿ, ಒಂದು ಪಾಯಿಂಟ್ ಕರೆಂಟ್ ಕೊಡಿ ಸಾಕು ಅಂದೆ.